ದೂರ ಅಳೆದು ಸೆನ್ಸರ್ ಆರಿಸಿ: ಕಾಡಿಗೆ, ಬೆಟ್ಟಕ್ಕೆ ಫುಲ್ ಫ್ರೇಮೋ ಕ್ರಾಪೋ?

ಜಕ್ಕೂರು ಕೆರೆಯ ಅಂಚಿನ ಒಣಕೊಂಬೆಯ ಮೇಲೆ ಗದ್ದೆ ಮಿಂಚುಳ್ಳಿ ಕೂತಿದೆ ಎನ್ನಿ. ನಿಮಗೂ ಅದಕ್ಕೂ ನಡುವೆ 15 ಮೀಟರ್. ಕೊಕ್ಕಿನಿಂದ ಬಾಲದ ತುದಿಗೆ ಹಕ್ಕಿ ಸುಮಾರು 28 ಸೆಂ.ಮೀ. ನಿಮ್ಮ ಕೈಯಲ್ಲಿ 500 ಮಿ.ಮೀ. ಲೆನ್ಸ್ ಇದೆ. ಆ ಲೆನ್ಸ್ ಸೆನ್ಸರ್ ಮೇಲೆ, ಅಂದರೆ ಕ್ಯಾಮರಾದೊಳಗೆ ಬೆಳಕು ಹಿಡಿಯುವ ಫಲಕದ ಮೇಲೆ, ಬೀಳಿಸುವ ಹಕ್ಕಿಯ ಬಿಂಬದ ಉದ್ದ 9.3 ಮಿ.ಮೀ. ಹಿಂದೆ ಇರುವುದು ಫುಲ್ ಫ್ರೇಮ್ ಎಂಬ ದೊಡ್ಡ ಸೆನ್ಸರ್ ಆಗಿದ್ದರೂ ಕ್ರಾಪ್ ಎಂಬ ಚಿಕ್ಕ ಸೆನ್ಸರ್ ಆಗಿದ್ದರೂ ಬಿಂಬ ಅಷ್ಟೇ ಇರುತ್ತದೆ, ಒಂದು ಕೂದಲೆಳೆಯೂ ಹಿಗ್ಗುವುದಿಲ್ಲ. "ಕ್ರಾಪ್ ಬಾಡಿಗೆ ಹಾಕಿದ್ರೆ 500 ಲೆನ್ಸು 750 ಆಗತ್ತೆ ಸಾರ್" ಎಂದು ಅಂಗಡಿಯಲ್ಲಿ ಹೇಳುವುದು ಅರ್ಧ ಮಾತ್ರ ನಿಜ (ಬಾಡಿ ಎಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮರಾ). ಹಿಗ್ಗುವುದು ಬಿಂಬವಲ್ಲ, ಸುತ್ತಲಿನ ಜಾಗ ಕುಗ್ಗುತ್ತದೆ. ಫುಲ್ ಫ್ರೇಮಿನಲ್ಲಿ ಆ ದೂರದಲ್ಲಿ 1.08 ಮೀಟರ್ ಅಗಲದ ದೃಶ್ಯ ಸಿಗುತ್ತದೆ, ಕ್ರಾಪಿನಲ್ಲಿ 70 ಸೆಂ.ಮೀ. ಅಷ್ಟೇ.

ಹಾಗಿದ್ದರೆ ಹಕ್ಕಿ ಫೋಟೋ ತೆಗೆಯುವವರಲ್ಲಿ ಇಷ್ಟೊಂದು ಜನ ಕ್ರಾಪ್ ಬಾಡಿಯನ್ನೇ ಹಿಡಿದು ಓಡಾಡುವುದೇಕೆ? ಉತ್ತರ ಆ 9.3 ಮಿ.ಮೀ.ಯೊಳಗೆ ಎಷ್ಟು ಪಿಕ್ಸೆಲ್ ಕೂತಿವೆ ಎಂಬುದರಲ್ಲಿದೆ. 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮಿನಲ್ಲಿ ನಮ್ಮ ಮಿಂಚುಳ್ಳಿಯ ಉದ್ದಕ್ಕೆ ಸುಮಾರು 1,550 ಪಿಕ್ಸೆಲ್ ಸಿಗುತ್ತವೆ. ಅದೇ 24 ಮೆಗಾಪಿಕ್ಸೆಲ್ ಕ್ರಾಪ್ ಬಾಡಿಯಲ್ಲಿ 2,380. ಕ್ಯಾನನ್ ಆರ್7ನಂಥ 32.5 ಮೆಗಾಪಿಕ್ಸೆಲ್ ಕ್ರಾಪಿನಲ್ಲಿ 2,900 ದಾಟುತ್ತದೆ. ಗರಿಯ ಎಳೆ ಬಿಡಿಬಿಡಿಯಾಗಿ ಕಾಣುವುದು, ಕಾಣದೆ ಕಲಸಿಹೋಗುವುದು ಈ ವ್ಯತ್ಯಾಸದಲ್ಲೇ.

ಈಗ ಇದೇ ಲೆಕ್ಕವನ್ನು 45 ಮೆಗಾಪಿಕ್ಸೆಲ್ ಫುಲ್ ಫ್ರೇಮಿಗೆ ಹಾಕಿ ನೋಡಿ: ಸುಮಾರು 2,150 ಪಿಕ್ಸೆಲ್. ನಿಕಾನ್ ಡಿ500 ಎಂಬ 20.9 ಮೆಗಾಪಿಕ್ಸೆಲ್‌ನ ಕ್ರಾಪ್ ಬಾಡಿಗೆ 2,210. ಎರಡೂ ಹೆಚ್ಚುಕಡಿಮೆ ಒಂದೇ. ಅಂದರೆ ನಿಕಾನ್‌ನ ಡಿ850 ಅಥವಾ ಜ಼ಡ್8ನಂಥ 45 ಮೆಗಾಪಿಕ್ಸೆಲ್ ಬಾಡಿಯ ಹೊಟ್ಟೆಯಲ್ಲಿ ಒಂದು ಡಿ500 ಕೂತಿದೆ. ಕ್ರಾಪ್ ಮೋಡ್‌ಗೆ ಹಾಕಿದರೆ, ಅಂದರೆ ಸೆನ್ಸರಿನ ನಡುಭಾಗ ಮಾತ್ರ ಬಳಸಿದರೆ, 19.4 ಮೆಗಾಪಿಕ್ಸೆಲ್ ಚಿತ್ರ ಸಿಗುತ್ತದೆ. 24 ಮೆಗಾಪಿಕ್ಸೆಲ್ ಫುಲ್ ಫ್ರೇಮನ್ನು ಹಾಗೆ ಕ್ರಾಪ್ ಮೋಡ್‌ಗೆ ಹಾಕಿದರೆ ಉಳಿಯುವುದು 10 ಮೆಗಾಪಿಕ್ಸೆಲ್ ಆಸುಪಾಸು. "ಫುಲ್ ಫ್ರೇಮ್" ಎಂಬ ಒಂದೇ ಪದದಡಿ ಈ ಎರಡೂ ಬಾಡಿಗಳನ್ನು ಕಟ್ಟಿಹಾಕಿ ವಾದ ಮಾಡುವುದರಿಂದಲೇ ಈ ಚರ್ಚೆ ಯಾವತ್ತೂ ಮುಗಿಯುವುದಿಲ್ಲ.

ಬೆಳಕಿನ ಲೆಕ್ಕ

ಫುಲ್ ಫ್ರೇಮ್ ಸೆನ್ಸರ್ 36 × 24 ಮಿ.ಮೀ. ಸೋನಿ, ನಿಕಾನ್, ಫ್ಯೂಜಿಯ ಕ್ರಾಪ್ ಸೆನ್ಸರ್ ಸುಮಾರು 23.5 × 15.6 ಮಿ.ಮೀ. ಕ್ಯಾನನ್‌ನದು ಇನ್ನೂ ತುಸು ಚಿಕ್ಕದು, 22.3 × 14.9 ಮಿ.ಮೀ. ವಿಸ್ತೀರ್ಣದಲ್ಲಿ ಫುಲ್ ಫ್ರೇಮ್ ಕ್ರಮವಾಗಿ 2.3, 2.6 ಪಟ್ಟು ದೊಡ್ಡದು. ಸ್ಟಾಪ್ ಲೆಕ್ಕದಲ್ಲಿ (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು) ಒಂದೂಕಾಲು, ಹೆಚ್ಚೆಂದರೆ ಒಂದೂವರೆಗೆ ಸ್ವಲ್ಪ ಕಮ್ಮಿ. ಕ್ರಾಪಿನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮರಾ ಸ್ಪಂದಿಸುವ ಮಟ್ಟ) 6400 ಇಟ್ಟಾಗ ಕಾಣುವ ನಾಯ್ಸ್, ಅಂದರೆ ಚಿತ್ರದ ಮೇಲಿನ ಕಾಳುಕಾಳು, ಫುಲ್ ಫ್ರೇಮಿನಲ್ಲಿ ಸುಮಾರು 15,000 ಇಟ್ಟಾಗ ಕಾಣುವಷ್ಟು.

ಆದರೆ ಒಂದು ಷರತ್ತಿದೆ, ಬಹಳ ಜನ ಎಡವುವುದು ಇಲ್ಲೇ. ದೊಡ್ಡ ಸೆನ್ಸರಿನ ಲಾಭ ಸಿಗಬೇಕಾದರೆ ದೊಡ್ಡ ಸೆನ್ಸರಿನ ತುಂಬ ದೃಶ್ಯ ಇರಬೇಕು. ಮಿಂಚುಳ್ಳಿ 36 ಮಿ.ಮೀ. ಅಗಲದಲ್ಲಿ 9.3 ಮಿ.ಮೀ. ಮಾತ್ರ ಹಿಡಿದಿದೆ, ಮನೆಗೆ ಬಂದು ನೀವು ಸುತ್ತಲಿನದನ್ನು ಕತ್ತರಿಸಿ ಎಸೆಯುತ್ತೀರಿ. ಎಸೆದ ಭಾಗಕ್ಕೆ ಬಿದ್ದ ಬೆಳಕೂ ಅದರೊಂದಿಗೆ ಹೋಯಿತು. ಹಕ್ಕಿಯ ಮೇಲೆ ಬಿದ್ದ ಬೆಳಕು ಎರಡೂ ಬಾಡಿಯಲ್ಲಿ ಒಂದೇ, ಹಾಗಾಗಿ ನಾಯ್ಸ್ ಕೂಡ ಹತ್ತಿರಹತ್ತಿರ ಒಂದೇ. ಫುಲ್ ಫ್ರೇಮಿಗೆ ಕೊಟ್ಟ ದುಡ್ಡು ಕಸದ ಬುಟ್ಟಿಯಲ್ಲಿ.

ಇದಕ್ಕೆ ವಿರುದ್ಧದ ಸಂದರ್ಭ ಕಬಿನಿಯಲ್ಲಿ ಸಿಗುತ್ತದೆ. ಬೆಳಗಿನ ಸಫಾರಿ, ಸೂರ್ಯ ಇನ್ನೂ ಮರದ ಮೇಲೆ ಬಂದಿಲ್ಲ, ಹುಲಿ ದಾರಿಯಲ್ಲೇ 20 ಮೀಟರ್ ದೂರದಲ್ಲಿ ನಡೆದು ಹೋಗುತ್ತಿದೆ. 400 ಮಿ.ಮೀ.ಯಲ್ಲಿ ಫುಲ್ ಫ್ರೇಮಿನ ಅಗಲ ಆ ದೂರದಲ್ಲಿ 1.8 ಮೀಟರ್, ಹುಲಿಯ ಮೈ ಹೆಚ್ಚುಕಡಿಮೆ ಫ್ರೇಮ್ ತುಂಬುತ್ತದೆ. ಕ್ರಾಪಿನಲ್ಲಿ ಇದೇ ಚೌಕಟ್ಟು ಬೇಕೆಂದರೆ 270 ಮಿ.ಮೀ.ಗೆ ಹಿಂದಕ್ಕೆ ಬರಬೇಕು. ಈಗ ಯಾವುದನ್ನೂ ಕತ್ತರಿಸುವುದಿಲ್ಲ, ಆದ್ದರಿಂದ ಆ ಒಂದೂಕಾಲು ಸ್ಟಾಪ್ ಪೂರ್ತಿ ನಿಮ್ಮದು. ಅಂಥ ಬೆಳಕಿನಲ್ಲಿ ಎಫ್ 6.3 (ಲೆನ್ಸಿನ ಅಪರ್ಚರ್, ಅಂದರೆ ಕಿಂಡಿಯ ಅಳತೆ; ಅಂಕಿ ದೊಡ್ಡದಾದಷ್ಟೂ ಕಿಂಡಿ ಕಿರಿದು), ಶಟರ್ 1/400 ಸೆಕೆಂಡ್ ಇಟ್ಟರೆ ಐಎಸ್‌ಒ 6400ಕ್ಕೆ ಹೋಗುವುದು ಸಾಮಾನ್ಯ. ಬಿದಿರಿನ ಮೆಳೆಯ ನೆರಳಿಗೆ ಹೋದರೆ 12,800. ಫುಲ್ ಫ್ರೇಮಿನ ಬೆಲೆ ಸಾರ್ಥಕ ಎನಿಸುವುದು ಇಂಥ ಹತ್ತು ನಿಮಿಷಗಳಲ್ಲೇ.

ನಾಯ್ಸ್ ತೆಗೆಯುವ ಈಗಿನ ತಂತ್ರಾಂಶಗಳು ಈ ಅಂತರವನ್ನು ಬಹಳ ಕಿರಿದು ಮಾಡಿವೆ, ಅದೂ ನಿಜ. ರಾ ಫೈಲ್ (ಕ್ಯಾಮರಾ ಸಂಸ್ಕರಿಸದ ಮೂಲ ಕಡತ) ಇದ್ದರೆ ಕ್ರಾಪಿನ 6400 ಕೂಡ ಅಚ್ಚು ಹಾಕಿಸುವಷ್ಟು ಚೊಕ್ಕವಾಗುತ್ತದೆ. ಆದರೆ ಬಿಂಬದಲ್ಲಿ ಇಲ್ಲದ ಗರಿಯನ್ನು ಅವು ಊಹಿಸಿ ಬರೆಯುತ್ತವೆ. ಚಿರತೆಯ ಮೀಸೆ, ಪಿಕಳಾರದ ಕತ್ತಿನ ಸಣ್ಣ ಗರಿ ಮೇಣ ಹಚ್ಚಿದಂತೆ ಕಂಡರೆ ಸ್ಲೈಡರನ್ನು ಅರ್ಧಕ್ಕೆ ಇಳಿಸಿ.

ಇನ್ನೊಂದು ಸಮೀಕರಣ ತಿಳಿದಿದ್ದರೆ ಗೊಂದಲ ಕಮ್ಮಿಯಾಗುತ್ತದೆ. ಫುಲ್ ಫ್ರೇಮಿಗೆ 500 ಮಿ.ಮೀ. ಎಫ್ 5.6 ಲೆನ್ಸ್ ಹಾಕಿ 1.4 ಪಟ್ಟಿನ ಟೆಲಿಕನ್ವರ್ಟರ್ (ಬಿಂಬ ಹಿಗ್ಗಿಸಲು ಲೆನ್ಸಿಗೂ ಬಾಡಿಗೂ ನಡುವೆ ಹಾಕುವ ಗಾಜು) ಸೇರಿಸಿದರೆ 700 ಮಿ.ಮೀ. ಎಫ್ 8 ಆಗುತ್ತದೆ. ಅದೇ ಲೆನ್ಸನ್ನು ಬರಿದೇ ಕ್ರಾಪಿಗೆ ಹಾಕಿದರೆ ಚೌಕಟ್ಟು, ಹಿನ್ನೆಲೆಯ ಮಸುಕು, ನಾಯ್ಸ್ ಮೂರೂ ಸೇರಿ 750 ಎಫ್ 8.4ಕ್ಕೆ ಸಮ. ಅಂದರೆ ಕ್ರಾಪ್ ಸೆನ್ಸರ್ ಒಳಗೇ ಕೂರಿಸಿದ ಟೆಲಿಕನ್ವರ್ಟರ್ ಇದ್ದಂತೆ, ಅದಕ್ಕೆ ಬೇರೆ ದುಡ್ಡಿಲ್ಲ, ಗಾಜು ಹೆಚ್ಚಾಗಿ ಶಾರ್ಪ್‌ನೆಸ್ ಕೆಡುವುದೂ ಇಲ್ಲ. ಆದರೆ ಬೇಡವಾದಾಗ ಬಿಚ್ಚಿಡುವಂತಿಲ್ಲ.

ಯಾವ ಜಾಗಕ್ಕೆ ಯಾವುದು

ಬೆಂಗಳೂರಿನಿಂದ ಹೊರಡುವವರ ಹಾದಿಗಳು ಸಾಮಾನ್ಯವಾಗಿ ಗೊತ್ತಿರುವಂಥವೇ. ಆಯಾ ಜಾಗದಲ್ಲಿ ಪ್ರಾಣಿ ಎಷ್ಟು ದೂರ ನಿಲ್ಲುತ್ತದೆ ಎಂಬುದೇ ಬಾಡಿಯನ್ನು ಮುಕ್ಕಾಲು ಭಾಗ ನಿರ್ಧರಿಸುತ್ತದೆ.

ಊರೊಳಗಿನ ಕೆರೆಗಳು, ಹೆಸರಘಟ್ಟದ ಹುಲ್ಲುಗಾವಲು, ಬನ್ನೇರುಘಟ್ಟದ ಅಂಚಿನ ಹಳ್ಳಿಗಳು: ಇಲ್ಲೆಲ್ಲ ಹಕ್ಕಿ ಚಿಕ್ಕದು, ದೂರ ದೊಡ್ಡದು. ಕ್ರಾಪ್ ಬಾಡಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಹುಲ್ಲುಗಾವಲಿನಲ್ಲಿ ಬೆಳಿಗ್ಗೆ ಒಂಬತ್ತು ದಾಟಿದ ಮೇಲೆ ನೆಲ ಕಾದು ಗಾಳಿ ನಡುಗಲು ಶುರುವಾಗುತ್ತದೆ. 40 ಮೀಟರ್ ಆಚೆಯ ಗಿಡುಗ ನೀರಿನಡಿ ಕೂತಂತೆ ಅಲುಗುತ್ತದೆ. ಫೋಕಸ್ ಸರಿಯಿದೆ, ಶಟರ್ ಸ್ಪೀಡ್ 1/2000 ಇದೆ, ಆದರೂ ಚಿತ್ರ ಮೆತ್ತಗೆ. ಲೆನ್ಸ್ ಕೆಟ್ಟಿದೆ ಎಂದು ಸರ್ವಿಸ್ ಸೆಂಟರಿಗೆ ಒಯ್ಯುವವರಿದ್ದಾರೆ. ತಪ್ಪು ಲೆನ್ಸಿನದಲ್ಲ, ಗಾಳಿಯದು. ಉದ್ದದ ಲೆನ್ಸ್, ಹೆಚ್ಚು ಪಿಕ್ಸೆಲ್ ಇದ್ದಷ್ಟೂ ಆ ನಡುಕವೇ ದೊಡ್ಡದಾಗಿ ಕಾಣುತ್ತದೆ. ಇದಕ್ಕೆ ಮದ್ದು ಸೂರ್ಯ ಹುಟ್ಟುವ ಮೊದಲೇ ಅಲ್ಲಿರುವುದು, ಇಲ್ಲವೇ ಹತ್ತಿರ ಬರುವ ಹಕ್ಕಿಗೆ ಕಾಯುವುದು. ಕಾರಿನೊಳಗಿಂದ ತೆಗೆಯುವಾಗ ಎಸಿ ಆರಿಸಿ ಕಿಟಕಿ ಪೂರ್ತಿ ಇಳಿಸಿ ಹತ್ತು ನಿಮಿಷ ಬಿಡಿ, ಒಳಗಿನ ಹೊರಗಿನ ಗಾಳಿ ಬೆರೆಯುವ ಕಡೆಯೂ ಇದೇ ನಡುಕ ಹುಟ್ಟುತ್ತದೆ.

ಕೊಕ್ಕರೆ ಬೆಳ್ಳೂರು ಇದಕ್ಕೆ ತದ್ವಿರುದ್ಧ. ಮದ್ದೂರು ತಾಲ್ಲೂಕಿನ ಈ ಹಳ್ಳಿಯಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಮನೆ ಪಕ್ಕದ ಮರಗಳಲ್ಲೇ ಗೂಡು ಕಟ್ಟುತ್ತವೆ. ಬಣ್ಣದ ಕೊಕ್ಕರೆಯ ರೆಕ್ಕೆಯಗಲ ಒಂದೂವರೆ ಮೀಟರ್ ಮೀರುತ್ತದೆ. ಕ್ರಾಪ್ ಬಾಡಿಗೆ 500 ಸಿಕ್ಕಿಸಿಕೊಂಡು ಹೋದರೆ ಪ್ರತಿ ಚಿತ್ರದಲ್ಲೂ ರೆಕ್ಕೆ ತುಂಡಾಗುತ್ತದೆ. ಫುಲ್ ಫ್ರೇಮಿಗೆ 100-400 ಸಾಕು, 70-200 ಕೂಡ ಕೆಲಸಕ್ಕೆ ಬರುತ್ತದೆ. ರಂಗನತಿಟ್ಟಿನ ದೋಣಿಯಲ್ಲೂ ಹಾಗೆಯೇ: ಮೊಸಳೆ, ಕೊಕ್ಕರೆ ಎರಡೂ ಹತ್ತಿರ, ಅಲುಗುವುದು ದೋಣಿ. 1/1250ಕ್ಕಿಂತ ಕೆಳಗಿಳಿಯಬೇಡಿ. ಮುಂಗಾರಿನಲ್ಲಿ ಕೆಆರ್‌ಎಸ್‌ನಿಂದ ನೀರು ಬಿಟ್ಟರೆ ದೋಣಿ ನಿಲ್ಲಿಸುತ್ತಾರೆ, ಹೊರಡುವ ಮುನ್ನ ವಿಚಾರಿಸಿಕೊಳ್ಳಿ.

ನಾಗರಹೊಳೆ, ಬಂಡೀಪುರ, ಕಬಿನಿಯಲ್ಲಿ ದೂರ ನಿಮ್ಮ ಕೈಯಲ್ಲಿಲ್ಲ. ವಾಹನದಿಂದ ಇಳಿಯುವಂತಿಲ್ಲ, ನಿಲ್ಲಿಸುವ ಜಾಗ ಚಾಲಕರಿಗೆ ಬಿಟ್ಟದ್ದು, ಕಾಟಿ ಹತ್ತು ಮೀಟರಿನಲ್ಲೂ ಸಿಗಬಹುದು, ಸೀಳುನಾಯಿ ಎಂಬತ್ತು ಮೀಟರಿನಲ್ಲೂ. ಇಲ್ಲಿ ಜ಼ೂಮ್ ಲೆನ್ಸ್ ಬೇಕೇ ಬೇಕು, ಸೆನ್ಸರ್ ಆಮೇಲಿನ ಮಾತು. 100-400, 100-500, 180-600, 200-600 ಈ ನಾಲ್ಕರಲ್ಲಿ ಒಂದು ಇದ್ದರೆ ಸಾಕು. ಬೇಸಿಗೆಯಲ್ಲಿ ಕಬಿನಿ ಹಿನ್ನೀರು ಇಳಿದು ದಡದ ಹುಲ್ಲಿಗೆ ಆನೆ ಹಿಂಡು ಬರುವಾಗ 200ರಿಂದ ಶುರುವಾಗುವ ಲೆನ್ಸ್ ಕ್ರಾಪ್ ಬಾಡಿಯಲ್ಲಿ ತೀರಾ ಬಿಗಿ. ಹಿಂಡು ಪೂರ್ತಿ ಕೂರುವುದಿಲ್ಲ. 

ಸಫಾರಿ ವಾಹನದಲ್ಲಿ ಟ್ರೈಪಾಡ್ ಬಿಡಿಸಲು ಜಾಗವಿಲ್ಲ, ಬೀನ್ ಬ್ಯಾಗ್ ಒಯ್ಯಿರಿ. ಖಾಲಿ ಚೀಲ ಕೊಂಡು ಮನೆಯ ಹುರುಳಿಯನ್ನೋ ಅಕ್ಕಿಯನ್ನೋ ಮುಕ್ಕಾಲು ತುಂಬಿ. ಪೂರ್ತಿ ತುಂಬಿದರೆ ಕಲ್ಲಿನಂತಾಗಿ ಲೆನ್ಸ್ ಕೂರುವುದಿಲ್ಲ. ಎಂಜಿನ್ ಆರಿಸುವಂತೆ ಚಾಲಕರನ್ನು ಕೇಳಿ, ಎಂಜಿನ್ ನಡುಕ ಕಂಬಿಯ ಮೂಲಕ ನೇರವಾಗಿ ಲೆನ್ಸಿಗೆ ಬರುತ್ತದೆ.

ಕ್ರಾಪ್ ಬಾಡಿಯಲ್ಲಿ ಕೈಕೊಡುವ ಸಂಗತಿಗಳು

ಮೊದಲನೆಯದು ಕೈನಡುಕ. ಪಿಕ್ಸೆಲ್ ಒತ್ತೊತ್ತಾಗಿದ್ದಷ್ಟೂ ಸಣ್ಣ ಅಲುಗಾಟವೂ ದಾಖಲಾಗುತ್ತದೆ. ಫುಲ್ ಫ್ರೇಮಿನಲ್ಲಿ 500 ಮಿ.ಮೀ.ಗೆ 1/500 ಎಂದು ರೂಢಿಯಾದವರು ಕ್ರಾಪಿಗೆ ಬಂದಾಗ 1/800 ಹಿಡಿಯಬೇಕು. ಸ್ಟೆಬಿಲೈಸೇಶನ್ ನಿಮ್ಮ ಕೈಯ ನಡುಕವನ್ನು ತಡೆಯುತ್ತದೆ, ಹಕ್ಕಿ ಕತ್ತು ಹೊರಳಿಸುವುದನ್ನಲ್ಲ. ಕೂತ ಹಕ್ಕಿಗೆ 1/800, ಹಾರುವ ಹದ್ದು ಗರುಡಗಳಿಗೆ 1/2000, ನೀರಿಗೆ ಧುಮುಕುವ ಮಿಂಚುಳ್ಳಿಗೆ 1/3200ರಿಂದ ಶುರು ಮಾಡಿ.

ಎರಡನೆಯದು ಎಲೆಕ್ಟ್ರಾನಿಕ್ ಶಟರ್. ಬಹುತೇಕ ಕ್ರಾಪ್ ಬಾಡಿಗಳ ಸೆನ್ಸರ್ ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಓದಲು ಸಮಯ ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ರೆಕ್ಕೆ ಕೆಳಗೆ ಬಂದಿರುತ್ತದೆ. ರೆಕ್ಕೆ ಬಾಳೆಲೆ ಬಾಗಿದಂತೆ ಸೊಟ್ಟಗೆ ಕಂಡರೆ ಕಾರಣ ಅದೇ. ಆರ್7 ಎಲೆಕ್ಟ್ರಾನಿಕ್ ಶಟರಿನಲ್ಲಿ ಸೆಕೆಂಡಿಗೆ 30 ಚಿತ್ರ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೂ ಹಾರುವ ಹಕ್ಕಿಗೆ ಮೆಕ್ಯಾನಿಕಲ್ ಶಟರಿನ 15 ಸಾಕು. ಜ಼ಡ್8, ಫ್ಯೂಜಿ ಎಕ್ಸ್-ಎಚ್2ಎಸ್‌ನಂಥ ಬೇಗ ಓದುವ ಸ್ಟ್ಯಾಕ್ಡ್ ಸೆನ್ಸರಿನ ಬಾಡಿಗಳಲ್ಲಿ ಈ ತೊಂದರೆ ಬಹಳ ಕಮ್ಮಿ.

ಬಫರ್ (ಕಾರ್ಡಿಗೆ ಬರೆಯುವ ಮುನ್ನ ಚಿತ್ರಗಳು ತಂಗುವ ಜಾಗ) ಕೂಡ ನೋಡಿ. ಕಡಿಮೆ ಬೆಲೆಯ ಕ್ರಾಪ್ ಬಾಡಿಗಳು ಮೂರ್ನಾಲ್ಕು ಸೆಕೆಂಡ್ ಒತ್ತಿ ಹಿಡಿದರೆ ಉಸಿರು ಬಿಟ್ಟು ನಿಲ್ಲುತ್ತವೆ, ನಿಜವಾದ ಕ್ಷಣ ಐದನೇ ಸೆಕೆಂಡಿನಲ್ಲಿ ಬರುತ್ತದೆ. ಯುಎಚ್‌ಎಸ್-2 ಎಂಬ ವೇಗದ ಕಾರ್ಡ್ ಹಾಕಿ, ಕಂಪ್ರೆಸ್ಡ್ ರಾ ಆರಿಸಿ, ಬೆರಳನ್ನು ಅಂಕೆಯಲ್ಲಿಡಿ.

ಬೆಟ್ಟ, ಕಣಿವೆ, ಜಲಪಾತ

ಭೂದೃಶ್ಯಕ್ಕೆ ಬಂದರೆ ಮಾತು ತಿರುಗುತ್ತದೆ. ಸಾವನದುರ್ಗ ಓಡಿಹೋಗುವುದಿಲ್ಲ. ಅಗಲದ ಲೆನ್ಸ್ ಹಾಕಿ ಫ್ರೇಮನ್ನು ಬೇಕಾದಂತೆ ತುಂಬಿಸಬಹುದು, ಟ್ರೈಪಾಡ್ ಇದೆ, ಐಎಸ್‌ಒ 100ರಲ್ಲೇ ಇರುತ್ತೀರಿ. ಫುಲ್ ಫ್ರೇಮಿನ ಪೂರ್ತಿ ಮೈ ಬಳಕೆಯಾಗುತ್ತದೆ, ನೆರಳನ್ನು ಎತ್ತುವಾಗ ಸುಮಾರು ಒಂದು ಸ್ಟಾಪಿನಷ್ಟು ಹೆಚ್ಚಿನ ಅವಕಾಶ ಸಿಗುತ್ತದೆ.

ಆ ಒಂದು ಸ್ಟಾಪ್ ಎಲ್ಲಿ ಬೇಕು, ಎಲ್ಲಿ ಬೇಡ ಎಂದು ತಿಳಿಯದೆ ಅದಕ್ಕೆ ದುಡ್ಡು ಸುರಿಯಬೇಡಿ. ನಂದಿಬೆಟ್ಟದ ಮಂಜನ್ನೇ ತೆಗೆದುಕೊಳ್ಳಿ. ಕಣಿವೆ ತುಂಬ ಮಂಜು ಕೂತಾಗ ದೃಶ್ಯದ ಕಪ್ಪು ಬಿಳುಪಿನ ಅಂತರ ಬಹಳ ಕಮ್ಮಿ, ಯಾವ ಕ್ರಾಪ್ ಬಾಡಿಯೂ ಸಲೀಸಾಗಿ ಹಿಡಿಯುತ್ತದೆ. ಅದೇ ನಂದಿಯಲ್ಲಿ ಸೂರ್ಯನನ್ನು ಫ್ರೇಮಿನೊಳಗೇ ಇಟ್ಟು ಮುಂದಿನ ಕಪ್ಪು ಬಂಡೆಯ ವಿವರವೂ ಬೇಕೆಂದಾಗ ಅಂತರ ಹಿಗ್ಗುತ್ತದೆ. ಕ್ರಾಪ್ ಇದ್ದವರು ಮೂರು ಎಕ್ಸ್‌ಪೋಶರ್ ತೆಗೆದು ಸೇರಿಸಬಹುದು: ಒಂದು ಸರಿಯಾದದ್ದು, ಒಂದು ಎರಡು ಸ್ಟಾಪ್ ಕೆಳಗೆ, ಒಂದು ಎರಡು ಸ್ಟಾಪ್ ಮೇಲೆ. ಬಂಡೆ, ಮಂಟಪ, ಕೋಟೆ ಗೋಡೆಗೆ ಇದು ಚೆನ್ನಾಗಿ ನಡೆಯುತ್ತದೆ. ಮುಂದೆ ಗಾಳಿಗೆ ತೂಗುವ ಹುಲ್ಲಿದ್ದರೆ ಮೂರರಲ್ಲೂ ಹುಲ್ಲು ಮೂರು ಕಡೆ ಇರುತ್ತದೆ, ಸೇರಿಸಿದಾಗ ದೆವ್ವದಂಥ ನೆರಳು ಮೂಡುತ್ತದೆ. ಒಂದೇ ಕ್ಲಿಕ್ಕಿನಲ್ಲಿ ಎಲ್ಲವನ್ನೂ ಹಿಡಿಯುವ ಫುಲ್ ಫ್ರೇಮಿನ ಶಕ್ತಿಗೆ ಅಲ್ಲಿ ಬೆಲೆ ಬರುತ್ತದೆ.

ಹತ್ತಿರದಿಂದ ದೂರದವರೆಗೆ ಶಾರ್ಪ್ ಬೇಕೆಂದಾಗ ಎರಡಕ್ಕೂ ವ್ಯತ್ಯಾಸವಿಲ್ಲ. ಫುಲ್ ಫ್ರೇಮಿನಲ್ಲಿ 16 ಮಿ.ಮೀ. ಎಫ್ 11 ಇಟ್ಟು ಪಡೆಯುವುದನ್ನು ಕ್ರಾಪಿನಲ್ಲಿ 10.5 ಮಿ.ಮೀ. ಎಫ್ 7.1ರಲ್ಲೇ ಪಡೆಯಬಹುದು. ಹಳೆಯ ಲೆಕ್ಕದ ಪ್ರಕಾರ 80 ಸೆಂ.ಮೀ. ದೂರಕ್ಕೆ ಫೋಕಸ್ ಮಾಡಿದರೆ 40 ಸೆಂ.ಮೀ.ಯಿಂದ ಕ್ಷಿತಿಜದವರೆಗೆ ಶಾರ್ಪ್. ಆ ಲೆಕ್ಕ ಚಿಕ್ಕ ಪ್ರಿಂಟಿನ ಕಾಲದ್ದು. ಈಗಿನ ಒತ್ತು ಪಿಕ್ಸೆಲ್ ಸೆನ್ಸರಿನಲ್ಲಿ ದೂರದ ಬೆಟ್ಟ ಅಷ್ಟಕ್ಕೇ ತುಸು ಮೆತ್ತಗಾಗುತ್ತದೆ, 1.2ರಿಂದ 1.5 ಮೀಟರಿಗೆ ಫೋಕಸ್ ಮಾಡುವುದು ಕ್ಷೇಮ. ಕ್ರಾಪಿನಲ್ಲಿ ಎಫ್ 11, ಫುಲ್ ಫ್ರೇಮಿನಲ್ಲಿ ಎಫ್ 16 ದಾಟಬೇಡಿ. ಕಿಂಡಿ ಕಿರಿದಾದಷ್ಟೂ ಬೆಳಕು ಚದುರುವ ಡಿಫ್ರಾಕ್ಷನ್‌ನಿಂದ ಇಡೀ ಚಿತ್ರವೇ ಮಂಕಾಗುತ್ತದೆ.

ದೊಡ್ಡ ಪ್ರಿಂಟ್ ಬೇಕು, ಬಾಡಿ ಕ್ರಾಪ್ ಎನ್ನುವವರಿಗೆ ಚಿತ್ರ ಹೊಲಿಯುವ ದಾರಿಯಿದೆ. ಕ್ಯಾಮರಾವನ್ನು ನಿಲುವಾಗಿ ಟ್ರೈಪಾಡಿಗೆ ಹಾಕಿ, ಟ್ರೈಪಾಡ್ ಮಟ್ಟ ಸರಿಮಾಡಿ. ಎಕ್ಸ್‌ಪೋಶರ್ ಮ್ಯಾನ್ಯುವಲ್, ವೈಟ್ ಬ್ಯಾಲೆನ್ಸ್ ಒಂದಕ್ಕೇ ನಿಲ್ಲಿಸಿ, ಫೋಕಸ್ ಕೂಡ ಮ್ಯಾನ್ಯುವಲ್. ಪೋಲರೈಸರ್ (ಹೊಳಪು ತಗ್ಗಿಸುವ ಫಿಲ್ಟರ್) ಇದ್ದರೆ ತೆಗೆದಿಡಿ, ಇಲ್ಲದಿದ್ದರೆ ಆಕಾಶ ಒಂದು ಕಡೆ ಗಾಢ, ಇನ್ನೊಂದು ಕಡೆ ತಿಳಿಯಾಗಿ ಪಟ್ಟೆ ಬೀಳುತ್ತದೆ. ಎಡದಿಂದ ಬಲಕ್ಕೆ ಐದು ಚಿತ್ರ, ಪ್ರತಿಯೊಂದರಲ್ಲೂ ಹಿಂದಿನದರ ಶೇ 30 ಸೇರಿರಲಿ. 24 ಮೆಗಾಪಿಕ್ಸೆಲ್ ಬಾಡಿಯಿಂದ ಅಂಚು ಕತ್ತರಿಸಿದ ಮೇಲೂ 80 ಮೆಗಾಪಿಕ್ಸೆಲ್ ಆಸುಪಾಸಿನ ಚಿತ್ರ ಸಿಗುತ್ತದೆ. ಅಷ್ಟಕ್ಕೂ ಹೊಲಿಗೆಯಿಲ್ಲದ 24 ಮೆಗಾಪಿಕ್ಸೆಲ್ ಕೂಡ ಇಂಚಿಗೆ 300 ಚುಕ್ಕಿಯಂತೆ 20 × 13 ಇಂಚು ಪ್ರಿಂಟ್ ಕೊಡುತ್ತದೆ. ಗೋಡೆಗೆ ತೂಗುಹಾಕಿದ ಆ ಅಳತೆಯ ಚಿತ್ರ ನೋಡಿ ಸೆನ್ಸರ್ ಯಾವುದೆಂದು ಹೇಳುವುದು ಕಷ್ಟ.

ನಕ್ಷತ್ರದ ವಿಷಯದಲ್ಲಿ ಮಾತ್ರ ರಾಜಿಯಿಲ್ಲ. ಎಫ್ 2.8, 20 ಸೆಕೆಂಡ್, ಐಎಸ್‌ಒ 3200: ಆಕಾಶಗಂಗೆಗೆ ಫುಲ್ ಫ್ರೇಮ್ ಎದ್ದು ಕಾಣುವಷ್ಟು ಚೊಕ್ಕ. ಕ್ರಾಪಿನವರು ಎಫ್ 1.4 ಅಥವಾ 1.8ರ ಅಗಲ ಲೆನ್ಸ್ ಕೊಂಡು ಸರಿದೂಗಿಸಬಹುದು. ಅದಕ್ಕಿಂತ ದೊಡ್ಡ ಅಡ್ಡಿ ಬೆಂಗಳೂರೇ. ಆಕಾಶಗಂಗೆಯ ದಟ್ಟ ಭಾಗ ನಮಗೆ ದಕ್ಷಿಣ ದಿಕ್ಕಿನಲ್ಲಿ ಕಾಣುವುದು. ನಂದಿಯಲ್ಲಿ ನಿಂತರೆ ದಕ್ಷಿಣಕ್ಕೆ ಇಡೀ ಬೆಂಗಳೂರು ಉರಿಯುತ್ತಿರುತ್ತದೆ. ಕನಕಪುರದಾಚೆಗೆ, ಊರನ್ನು ಬೆನ್ನಿಗೆ ಹಾಕಿಕೊಂಡು ನಿಂತರೆ ಅರ್ಧ ಕೆಲಸ ಆದಂತೆ. ಮುಂಗಾರಿನ ಮೋಡ ಬರುವ ಮುನ್ನ, ಫೆಬ್ರುವರಿಯಿಂದ ಮೇ ತನಕದ ಅಮಾವಾಸ್ಯೆಯ ಆಚೀಚೆ, ಬೆಳಗಿನ ಜಾವ.

ಚುಂಚಿ, ಶಿವನಸಮುದ್ರದಂಥ ಜಲಪಾತಕ್ಕೆ ಯಾವ ಸೆನ್ಸರಾದರೂ ಸರಿ. 1/4ರಿಂದ 1 ಸೆಕೆಂಡ್, ಒಂದು ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಗಾಜು), 2 ಸೆಕೆಂಡ್ ಟೈಮರ್. ಫಿಲ್ಟರ್ ಕೊಳ್ಳುವಾಗ ಮಾತ್ರ ನೆನಪಿಡಿ: ಫುಲ್ ಫ್ರೇಮಿನ ಅಗಲ ಲೆನ್ಸುಗಳು ಬಹಳಷ್ಟು 77 ಅಥವಾ 82 ಮಿ.ಮೀ. ಬಾಯಿಯವು, ಫಿಲ್ಟರಿನ ಬೆಲೆಯೂ ಬಾಯಿಯೊಂದಿಗೆ ಹಿಗ್ಗುತ್ತದೆ.

ದುಡ್ಡು ಎಲ್ಲಿಗೆ ಹಾಕಬೇಕು

ಕಾಡಿನ ಫೋಟೋಗೆ ಮೊದಲು ಲೆನ್ಸ್, ಆಮೇಲೆ ಬಾಡಿ. ಈ ಕ್ರಮ ತಪ್ಪಿ, ಫುಲ್ ಫ್ರೇಮ್ ಬಾಡಿ ಕೊಂಡು ಕೈಯಲ್ಲಿ ಉಳಿದ ದುಡ್ಡಿಗೆ 24-105 ಸಿಕ್ಕಿಸಿಕೊಂಡು ಬಂಡೀಪುರಕ್ಕೆ ಹೋದರೆ ಜಿಂಕೆ ಸಾಸಿವೆ ಕಾಳಿನಷ್ಟು ಬರುತ್ತದೆ.

ಬಜೆಟ್ ಬಿಗಿಯಾಗಿದ್ದರೆ 24 ಮೆಗಾಪಿಕ್ಸೆಲ್ ಕ್ರಾಪ್ ಬಾಡಿ, ಅದಕ್ಕೆ ಒಂದು ಹಗುರ ಟೆಲಿ ಜ಼ೂಮ್. ಕ್ಯಾನನ್‌ನ ಆರ್‌ಎಫ್ 100-400 ಕೇವಲ 635 ಗ್ರಾಂ, ಸ್ಕಂದಗಿರಿ ಹತ್ತುವಾಗಲೂ ಭಾರ ಎನಿಸದು. ಆದರೆ 400ರಲ್ಲಿ ಎಫ್ 8, ಕಾಡಿನ ನಸುಕಿಗೆ ಆಗದು. ಬೆಳಕಿರುವ ಕೆರೆ ದಡಕ್ಕೆ ಬಂಗಾರ. ಭೂದೃಶ್ಯಕ್ಕೆ 10-18 ಅಥವಾ 10-20 ಮಿ.ಮೀ. ಕ್ರಾಪ್ ಲೆನ್ಸ್ ಒಂದು ಸೇರಿಸಿ.

ಒಂದೇ ಬಾಡಿ ಎರಡೂ ಕೆಲಸ ಮಾಡಬೇಕು, ದುಡ್ಡಿನ ಚಿಂತೆ ಅಷ್ಟಿಲ್ಲ ಎನ್ನುವವರಿಗೆ 45 ಮೆಗಾಪಿಕ್ಸೆಲ್ ಅಥವಾ ಮೇಲಿನ ಫುಲ್ ಫ್ರೇಮ್. ಹಕ್ಕಿಗೆ ಕ್ರಾಪ್ ಮೋಡ್, ಬೆಟ್ಟಕ್ಕೆ ಪೂರ್ತಿ ಸೆನ್ಸರ್. 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್ ಆನೆ, ಹುಲಿ, ಬೆಟ್ಟಕ್ಕೆ ಸೊಗಸು, ಸೂರಕ್ಕಿಗೆ ನಿರಾಸೆ.

ನಮ್ಮ ಪ್ರಕಾರ ಕೊಟ್ಟ ದುಡ್ಡಿಗೆ ಹೆಚ್ಚು ಸಿಗುವುದು ಎರಡು ಹಳೆಯ ಬಾಡಿಗಳ ಜೋಡಿಯಲ್ಲಿ. ಭೂದೃಶ್ಯಕ್ಕೆ ಚುರುಕು ಫೋಕಸ್ ಬೇಡ, ಹತ್ತು ವರ್ಷ ಹಳೆಯ ಫುಲ್ ಫ್ರೇಮೂ ನಡೆಯುತ್ತದೆ. ಡಿಎಸ್‌ಎಲ್‌ಆರ್ ಬಿಟ್ಟು ಮಿರರ್‌ಲೆಸ್‌ಗೆ ಹೋಗುವವರು ಮಾರುವ ಸಾಮಾನು ಬೆಂಗಳೂರಿನಲ್ಲಿ ಬೇಕಾದಷ್ಟಿದೆ. 2016ರ ಡಿ500, 2014ರ ಫುಲ್ ಫ್ರೇಮ್ ಡಿ750 ಜೋಡಿಯನ್ನೇ ನೋಡಿ: ಎರಡಕ್ಕೂ ಒಂದೇ ಬಗೆಯ ಬ್ಯಾಟರಿ, ಒಂದೇ ಚಾರ್ಜರ್, ಒಂದೇ ಮೌಂಟ್ (ಲೆನ್ಸ್ ಕೂರುವ ಬಾಯಿ). 200-500 ಎಫ್ 5.6 ಎರಡರ ಮೇಲೂ ಕೂರುತ್ತದೆ. ತೂಕ ಮಾತ್ರ ಗಮನಿಸಿ, ಆ ಲೆನ್ಸ್ ಒಂದೇ 2.3 ಕೆ.ಜಿ.

ಕ್ರಾಪಿನಿಂದ ಶುರು ಮಾಡಿ ಮುಂದೆ ಫುಲ್ ಫ್ರೇಮಿಗೆ ಹೋಗುವ ಯೋಚನೆಯಿದ್ದರೆ ಟೆಲಿ ಲೆನ್ಸಿನ ಬಗ್ಗೆ ಚಿಂತೆ ಬೇಡ, 400 ದಾಟಿದವು ಬಹುತೇಕ ಎಲ್ಲವೂ ಫುಲ್ ಫ್ರೇಮಿನವೇ. ವ್ಯರ್ಥವಾಗುವುದು ಅಗಲದ ಕ್ರಾಪ್ ಲೆನ್ಸ್ ಒಂದೇ. ಹಳೆಯ ಕ್ಯಾನನ್ ಇಎಫ್-ಎಸ್ ಎಂಬ ಕ್ರಾಪ್ ಲೆನ್ಸ್ ಫುಲ್ ಫ್ರೇಮ್ ಡಿಎಸ್‌ಎಲ್‌ಆರ್‌ಗೆ ಕೂರುವುದೇ ಇಲ್ಲ. ನಿಕಾನ್ ಡಿಎಕ್ಸ್ ಎಂಬ ಕ್ರಾಪ್ ಲೆನ್ಸ್ ಕೂರುತ್ತದೆ, ಆದರೆ ಬಾಡಿ ತಾನಾಗಿ ಕ್ರಾಪ್ ಮೋಡ್‌ಗೆ ಹೋಗುತ್ತದೆ.

ಕೊಳ್ಳುವ ಮೊದಲು ಮಾಡುವ ಪರೀಕ್ಷೆ

1. ಕಂಪ್ಯೂಟರಿನಲ್ಲಿ ನಿಮ್ಮ ಇತ್ತೀಚಿನ 200 ಒಳ್ಳೆಯ ಚಿತ್ರ ಆರಿಸಿ. ಪ್ರತಿಯೊಂದರ ಫೋಕಲ್ ಲೆಂಗ್ತ್, ಐಎಸ್‌ಒ, ಎಷ್ಟು ಕತ್ತರಿಸಿದ್ದೀರಿ ಎಂಬುದನ್ನು ನೋಡಿ.

2. ಲೆನ್ಸಿನ ಕೊನೆಯ ತುದಿಯಲ್ಲಿ ತೆಗೆದು, ಅರ್ಧಕ್ಕಿಂತ ಹೆಚ್ಚು ಕತ್ತರಿಸಿದ ಚಿತ್ರಗಳೇ ಜಾಸ್ತಿಯೇ? ನಿಮಗೆ ಕೊರತೆ ಇರುವುದು ದೂರದ್ದು. ಕ್ರಾಪ್, ಇಲ್ಲವೇ ಉದ್ದದ ಲೆನ್ಸ್.

3. ಕತ್ತರಿಸದೆಯೇ ಐಎಸ್‌ಒ 3200 ದಾಟಿದವು ಜಾಸ್ತಿಯೇ? ಕೊರತೆ ಬೆಳಕಿನದ್ದು. ಫುಲ್ ಫ್ರೇಮ್, ಇಲ್ಲವೇ ದೊಡ್ಡ ಅಪರ್ಚರ್.

4. 35 ಮಿ.ಮೀ.ಗಿಂತ ಕೆಳಗಿನವೇ ಮುಕ್ಕಾಲು ಪಾಲು ಇದ್ದರೆ ನೀವು ಮನಸ್ಸಿನಲ್ಲಿ ಏನೇ ಅಂದುಕೊಂಡಿರಿ, ಭೂದೃಶ್ಯದವರು. 600 ಮಿ.ಮೀ. ಸದ್ಯಕ್ಕೆ ಬೇಡ.

5. ಆರಿಸಿದ ಎರಡು ಬಾಡಿಗಳನ್ನು ಒಂದು ವಾರಾಂತ್ಯಕ್ಕೆ ಬಾಡಿಗೆಗೆ ತನ್ನಿ. ಒಂದೇ ಲೆನ್ಸ್, ಒಂದೇ ಕೊಂಬೆ, ಒಂದೇ ದೂರ, ಒಂದೇ ಎಕ್ಸ್‌ಪೋಶರ್. ಮನೆಯಲ್ಲಿ ಹಕ್ಕಿಯನ್ನು ಎರಡರಲ್ಲೂ ಒಂದೇ ಅಳತೆಗೆ ತಂದು ಹೋಲಿಸಿ. ಎರಡನ್ನೂ ಶೇ 100ಕ್ಕೆ ಹಿಗ್ಗಿಸಿ ಹೋಲಿಸುವುದು ತಪ್ಪು, ಪಿಕ್ಸೆಲ್ ದೊಡ್ಡದಿರುವ ಬಾಡಿ ಸುಮ್ಮನೆ ಗೆದ್ದಂತೆ ಕಾಣುತ್ತದೆ.

ಬಾಡಿಗೆಗೆ ತಂದಾಗ ಭಾರವನ್ನೂ ಪರೀಕ್ಷಿಸಿ. ಎರಡು ಕೆ.ಜಿ. ಲೆನ್ಸನ್ನು ಅಂಗಡಿಯಲ್ಲಿ ಎರಡು ನಿಮಿಷ ಎತ್ತುವುದಕ್ಕೂ ಲಾಲ್‌ಬಾಗಿನಲ್ಲಿ ಎರಡು ಗಂಟೆ ಹೊರುವುದಕ್ಕೂ ವ್ಯತ್ಯಾಸವಿದೆ.

ಸೆಕೆಂಡ್ ಹ್ಯಾಂಡ್ ನೋಡಲು ಹೋದಾಗ ಟಾರ್ಚ್ ಒಯ್ಯಿರಿ. ಲೆನ್ಸಿನ ಹಿಂದಿನಿಂದ ಬೆಳಕು ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿದರೆ ಫಂಗಸ್ ಜೇಡರ ಬಲೆಯಂತೆ ಕಾಣುತ್ತದೆ. ಕಂಡರೆ ಬೆಲೆ ಎಷ್ಟೇ ಇಳಿಸಿದರೂ ಬೇಡ. ಎಫ್ 16ರಲ್ಲಿ ಬರಿಯ ಆಕಾಶ ತೆಗೆದು ಸೆನ್ಸರಿನ ಕಲೆ ನೋಡಿ, ಧೂಳು ಹೋಗುತ್ತದೆ, ಗೀರು ಹೋಗದು. ಶಟರ್ ಎಣಿಕೆ ಕೇಳಿ: ಡಿ500ರ ಶಟರನ್ನು 2 ಲಕ್ಷ, ಡಿ750ರದ್ದನ್ನು 1.5 ಲಕ್ಷ ಕ್ಲಿಕ್ಕಿಗೆ ಪರೀಕ್ಷಿಸಿದ್ದಾರೆ. ಹಕ್ಕಿ ಫೋಟೋದವರ ಬಾಡಿ ಎರಡೇ ವರ್ಷದಲ್ಲಿ ಲಕ್ಷ ದಾಟಿರುವುದುಂಟು. ಬಿಲ್ಲಿನಲ್ಲಿರುವ ಸೀರಿಯಲ್ ನಂಬರ್ ಬಾಡಿಯ ಮೇಲಿನದಕ್ಕೆ ತಾಳೆಯಾಗಬೇಕು. ಬಿಲ್ಲೇ ಇಲ್ಲದ ಮಾಲಾಗಿದ್ದರೆ ಕದ್ದದ್ದೋ ಏನೋ ಎಂಬ ಅನುಮಾನ ನಿಮ್ಮ ತಲೆಗೇ ಬರುತ್ತದೆ, ಕೈಬಿಡಿ.

ಮನೆಗೆ ತಂದ ಮೇಲೆ ಜೂನ್‌ನಿಂದ ಅಕ್ಟೋಬರ್ ತನಕ ಬ್ಯಾಗಿನಲ್ಲೇ ಮುಚ್ಚಿಡಬೇಡಿ. ಡ್ರೈ ಕ್ಯಾಬಿನೆಟ್ ಇದ್ದರೆ ತೇವಾಂಶ ಶೇ 40ರಿಂದ 50ಕ್ಕೆ ಇಡಿ. ಇಲ್ಲದಿದ್ದರೆ ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಬಣ್ಣ ಬದಲಾದಾಗ ಬಿಸಿಮಾಡಿ ಮತ್ತೆ ಬಳಸಿ. ಮಳೆಯಲ್ಲಿ ನೆಂದ ಬೀನ್ ಬ್ಯಾಗನ್ನು ಹಾಗೇ ಲೆನ್ಸ್ ಪಕ್ಕ ಇಟ್ಟೀರಿ, ಒಂದು ವಾರದಲ್ಲಿ ಹುರುಳಿ ಮೊಳಕೆ ಒಡೆದಿರುತ್ತದೆ.